ಮಲಗಿದ ಮನೆಯ ಗೌಂಡಿ

ಗೋಡೆ ಕೆಲಸಕ್ಕೆ ಯಾವ ಮನೆಗೆ ಕರೆದರೂ ಅವರು ಮುಂಬಾಗಿಲಿಗೆ ಬರುತ್ತಿರಲಿಲ್ಲ. ಮೊದಲು ಹಿತ್ತಲಿಗೆ ಹೋಗುತ್ತಿದ್ದರು. ಬಚ್ಚಲ ನೀರು ಎತ್ತ ಹರಿಯುತ್ತದೆ, ಗೋಡೆಯ ಬುಡದಲ್ಲಿ ಹುಲ್ಲು ಎಲ್ಲಿ ಹಸಿರಾಗಿದೆ, ಇರುವೆ ಯಾವ ಸಂದಿಯಿಂದ ಸಾಲು ಹಿಡಿದಿದೆ, ಇದನ್ನೆಲ್ಲ ನೋಡಿಕೊಂಡು ಕೊನೆಗೆ ಮುಂದೆ ಬಂದು ಚಪ್ಪಲಿ ಬಿಡುತ್ತಿದ್ದರು. ಅಷ್ಟರಲ್ಲಿ ಮನೆಯವರು "ಗೌಂಡಿ ಇನ್ನ ಬಂದಿಲ್ಲೇನ?" ಎಂದು ಎರಡು ಸಲ ಕೇಳಿ ಆಗಿರುತ್ತಿತ್ತು.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ರೋಣದ ಬಸ್ ನಿಲ್ದಾಣದಲ್ಲಿ. ಗಜೇಂದ್ರಗಡದ ಬಸ್ಸಿನಿಂದ ಇಳಿದ ಪರಿಚಯದ ಬಡಿಗರೊಬ್ಬರು, "ಚಾಚಾ ಹೋದ್ರಲ್ಲವಾ, ನಿನಗ ಗೊತ್ತಾಗಲಿಲ್ಲೇನು? ಮಣ್ಣ ಸೈತ ಆತು" ಎಂದರು. ಊರಲ್ಲಿ ಹಿಂದೂ, ಮುಸಲ್ಮಾನ ಎನ್ನದೆ ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಾವು ಕಟ್ಟಿದ ಯಾವ ಮನೆಯ ಮೇಲೂ ಹೆಸರು ಕೆತ್ತಿಸಿಕೊಂಡವರಲ್ಲ ಅವರು. ಕಾಗದದ ಮೇಲೆ ಬರೆದರೆ ಒಪ್ಪುತ್ತಿದ್ದರೆಂದು ನನಗನ್ನಿಸುವುದಿಲ್ಲ.

ನಾನು ಶಿರೋಳದವಳು. ಗದಗಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಗಜೇಂದ್ರಗಡದ ಎಂಜಿನಿಯರರೊಬ್ಬರ ಕಚೇರಿಯಲ್ಲಿ ಮನೆ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ. ಮೊಬೈಲು ಆಗಷ್ಟೇ ಎಲ್ಲರ ಕಿಸೆಗೆ ಬರುತ್ತಿದ್ದ ಕಾಲ. ಊರ ತುಂಬ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ಸ್ಲ್ಯಾಬ್ ಹಾಕುವ ಸಡಗರ. ಮುಂದೆ ಎರಡು ಅಂಗಡಿ, ಹಿಂದೆ ಮನೆ, ಪಕ್ಕದಲ್ಲಿ ಮೆಟ್ಟಿಲು. ಒಂದೇ ನಕ್ಷೆಯನ್ನು ಎಷ್ಟು ಸಲ ಬರೆದಿದ್ದೆನೆಂದರೆ ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲವಳಾಗಿದ್ದೆ.

ಹೀಗಿರುವಾಗ ಊರಾಚೆಯ 'ಮಲಗಿದ ಮನಿ'ಯಿಂದ ಕರೆ ಬಂತು. ಜನ ಇಟ್ಟ ಹೆಸರು ಅದು. ಎರೆಹೊಲದ ಅಂಚಿನಲ್ಲಿ ಎಮ್ಮೆ ಮಲಗಿದ ಹಾಗೆ ಉದ್ದಕ್ಕೆ, ತಗ್ಗಾಗಿ ಚಾಚಿಕೊಂಡ ಮನೆ. ಕೆಂಪು ಕಲ್ಲನ್ನು ತೆಳ್ಳಗೆ, ಉದ್ದುದ್ದ ಸೀಳಿ ಅಡ್ಡಡ್ಡ ಜೋಡಿಸಿದ ಗೋಡೆ. ಅದರ ಮೇಲೆ ಟೊಪ್ಪಿಗೆಯನ್ನು ಹಣೆಯವರೆಗೆ ಎಳೆದುಕೊಂಡಂತೆ ಹಂಚಿನ ಸೂರು, ಗೋಡೆಯಿಂದ ಐದು ಅಡಿ ಮುಂದೆ ಬಂದದ್ದು. ಕಿಟಕಿಗಳು ಒಂದರ ಪಕ್ಕ ಒಂದು, ಪಟ್ಟಿ ಹೊಲಿದಂತೆ. ನಟ್ಟನಡುವೆ ಒಂದು ದಪ್ಪ ಹೊಗೆಗೂಡು. ನಮ್ಮ ಸೀಮೆಯಲ್ಲಿ ಇಂಥದು ಮತ್ತೊಂದಿಲ್ಲ. ಆ ಮನೆಯ ಒಡತಿ ಲೇಡಿ ಡಾಕ್ಟರು. ಹುಟ್ಟಿದ ಮನೆಯ ಮುಂದಿನ ಕೋಣೆಗಳಲ್ಲೇ ದವಾಖಾನೆ ಇಟ್ಟುಕೊಂಡು ಒಬ್ಬರೇ ಇದ್ದರು.

ಪಡುವಣ ಗೋಡೆ ಹೊಟ್ಟೆ ಬಿಟ್ಟುಕೊಂಡಿತ್ತು. ಮಳೆಗಾಲದೊಳಗೆ ದುರಸ್ತಿ ಮಾಡಿಸಿ ಎಂಜಿನಿಯರರ ಪತ್ರ ತನ್ನಿ, ಇಲ್ಲವೇ ಕೆಡವಿರಿ ಎಂದು ಅವರಿಗೆ ಪುರಸಭೆಯಿಂದ ನೋಟಿಸು ಬಂದಿತ್ತು. ಬರೆದವರ ತಪ್ಪೇನಲ್ಲ, ರೋಗಿಗಳು ಕೂರುವ ಬೆಂಚು ಆ ಗೋಡೆಗೇ ಆತುಕೊಂಡಿತ್ತು. ಕೆಡವಿದರೆ ಆ ಜಾಗದಲ್ಲಿ ಅಂಗಡಿ ಸಾಲು ಎಬ್ಬಿಸಲು ಒಬ್ಬರು ಆಗಲೇ ಬಂದು ಹೋಗಿದ್ದರು. ನಮ್ಮ ಎಂಜಿನಿಯರು ಒಮ್ಮೆ ಸುತ್ತು ಹಾಕಿ ಬಂದು, "ಅದರಾಗ ಏನೂ ಉಳಿದಿಲ್ಲ ತಂಗಿ. ಅಳತಿ ತಗೊಂಡ ಬಾ, ಕೆಡವಾಕ ಬರದ ಕೊಡೂಣ" ಎಂದರು.

ಟೇಪು ಹಿಡಿದು ಹೋದ ದಿನ ಹಿತ್ತಲಲ್ಲಿ ಒಬ್ಬ ಮುದುಕರು ಮಂಡಿಯೂರಿ ಪಡುವಣ ಗೋಡೆಯ ಬುಡ ಕೆದಕುತ್ತಿದ್ದರು. ಬಿಳಿ ಪೈಜಾಮ, ಹೆಗಲ ಮೇಲೆ ಟವೆಲು, ತಲೆಗೆ ಜಾಳಿಗೆ ಟೊಪ್ಪಿಗೆ. ಕೆದಕಿದ ಪುಡಿಯನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ನಾನು ಬೆಚ್ಚಿಬಿದ್ದೆ.

"ಏನ್ರಿ ಅದು, ತಿಂತೀರಿ?"

"ಉಪ್ಪ ಬಂದೈತಿ," ಎಂದರು, ನನ್ನನ್ನು ನೋಡದೆಯೇ. "ಗ್ವಾಡಿ ನೆಲದ ನೀರ ಕುಡದೈತಿ, ಉಗುಳಾಕ ಬಾಯಿಲ್ಲ. ಡಾಕ್ಟರಬಾಯಾರು ಕರಸ್ಯಾರ. ನೀವು ಕೆಡವಾಕ ಬಂದವರೇನ್ರಿ?"

"ಅಳತಿ ತಗೊಳ್ಳಾಕ ಬಂದೀನ್ರಿ."

"ಹಂಗಾರ ಸರಳ ಆತು. ಅಳತಿ ತಗೊಂಡವರು ಕೆಡವೂದಿಲ್ಲ. ಬರ್ರಿ, ಟೇಪ್ ಆ ಕಡಿ ತುದಿ ನಾ ಹಿಡಿತೀನಿ."

ಮೂರು ದಿನ ಅವರು ಟೇಪಿನ ಆ ತುದಿ ಹಿಡಿದರು. ಓದು ಬರಹ ಬಾರದು, ಆದರೆ ನಾನು ಬರೆದ ನಕ್ಷೆಯನ್ನು ಯಾವ ಕಡೆಯಿಂದ ನಿಂತು ನೋಡಿದರೂ ತಪ್ಪು ಹಿಡಿಯುತ್ತಿದ್ದರು. ಪ್ರತಿ ಅಳತೆಗೂ ಅವರದೊಂದು "ಯಾಕ?" ಇರುತ್ತಿತ್ತು. ಈ ಬಾಗಿಲು ಯಾಕೆ ಗಿಡ್ಡ? ಈ ಕೋಣೆಗೆ ಯಾಕೆ ಮೂಲೆಯಲ್ಲಿ ಕಿಟಕಿ? ನನಗೆ ಗೊತ್ತಿಲ್ಲ ಎಂದರೆ ಸಿಟ್ಟಾಗುತ್ತಿರಲಿಲ್ಲ, ಖುಷಿಪಡುತ್ತಿದ್ದರು. "ನನಗೂ ಗೊತ್ತಿಲ್ಲ. ನೋಡೂಣ, ಬಿಡು." ಎರಡನೆಯ ದಿನಕ್ಕೆ 'ಬಾಯಾರ' ಎನ್ನುವ ಮರ್ಯಾದೆ ಹೋಗಿ ನಾನು 'ಯವ್ವಾ' ಆಗಿದ್ದೆ.

ನಕ್ಷೆ ಅರ್ಧ ಆಗುವಷ್ಟರಲ್ಲಿ ನನಗೊಂದು ವಿಚಿತ್ರ ಕಂಡಿತು. ಮನೆಯ ಮುಂದಿನ ಅರ್ಧ ಒಂದು ಥರ, ಹಿಂದಿನ ಅರ್ಧ ಇನ್ನೊಂದೇ ಥರ. ಹೊಗೆಗೂಡು ದಾಟಿದ ಮೇಲೆ ಹಂಚಿಲ್ಲ, ನಮ್ಮ ಹಳ್ಳಿಗಳ ಮನೆಯಂತೆ ಜಂತಿ ಹಾಯಿಸಿ ಮಣ್ಣು ಬಡಿದ ಮಾಳಿಗೆ, ನಡುವೆ ಬೆಳಕಿಂಡಿ, ದಪ್ಪ ಕಂಬಗಳ ಪಡಸಾಲೆ. "ಹಿಂದಿಂದು ಆಮ್ಯಾಲೆ ಕಟ್ಟ್ಯಾರೇನ್ರಿ ಚಾಚಾ?" ಎಂದು ಕೇಳಿದೆ. ಅವರು ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತ ಕತೆ ಹೇಳಿದರು.

ಡಾಕ್ಟರ ಅಜ್ಜ ಹತ್ತಿ ವ್ಯಾಪಾರಿ. ಜಿನ್ನಿಂಗ್ ಗಿರಣಿಯ ಯಂತ್ರ ಜೋಡಿಸಲು ಅಮೆರಿಕದಿಂದ ಒಬ್ಬ ಎಂಜಿನಿಯರನನ್ನು ಕರೆಸಿದ್ದರಂತೆ. ಅವನಿಗೆ ಇರಲು ಮನೆ ಬೇಕು, ತನ್ನ ಸೀಮೆಯಂಥ ಮನೆಯೇ ಬೇಕು. ಅವನ ಹತ್ತಿರ ಒಂದು ಚಿತ್ರವಿತ್ತು. ಕಟ್ಟುವ ಕೆಲಸ ಚಾಚಾನ ಅಜ್ಜನಿಗೆ ಬಂತು.

"ಚಿತ್ರದಾಗ ಮುಂದಿಂದ ಅಷ್ಟ ಕಾಣತಿತ್ತಂತ. ಹಿಂದ ಏನೈತಿ ಯಾರಿಗೆ ಗೊತ್ತು? ಕೇಳಬೇಕಂದ್ರ ಆ ಸಾಹೇಬ ಬ್ಯಾನಿ ಬಿದ್ದ, ಮುಂಬೈಕ್ಕ ಹ್ವಾದ, ತಿರಗಿ ಬರಲೇ ಇಲ್ಲ. ಮನಿ ಅರ್ಧಕ್ಕ ನಿಂತೈತಿ. ಮುಂದಿಂದು ನಮ್ಮಜ್ಜ ಚಿತ್ರ ನೋಡಿ ಕಟ್ಟಿದ. ಹಿಂದಿಂದು ತನಗ ತಿಳಿದದ್ದ ಕಟ್ಟಿದ."

ಆ ಸೂರಿನ ಬಗ್ಗೆಯೂ ಕೇಳಿದೆ. ಐದು ಅಡಿ ಮುಂದಕ್ಕೆ ಬಂದ ಸೂರನ್ನು ಒಂದೂ ಕಂಬವಿಲ್ಲದೆ ನಿಲ್ಲಿಸಿದ್ದು ಹೇಗೆ? ಚಿತ್ರದಲ್ಲಿ ಸೂರಿನ ಕೆಳಗೆ ಬರೀ ನೆರಳಿತ್ತಂತೆ. ಮರುದಿನ ಚಾಚಾ ನನ್ನನ್ನು ಬಸ್ಸು ಹತ್ತಿಸಿ ಸೂಡಿಗೆ ಕರೆದುಕೊಂಡು ಹೋದರು. ಅಲ್ಲಿಯ ಹಳೆಯ ಗುಡಿಯ ಮುಂದೆ ನಿಲ್ಲಿಸಿ, ಕತ್ತು ಎತ್ತಿ ನೋಡು ಎಂದರು. ಕಲ್ಲಿನ ಇಳಿಜಾರು ಸೂರು. ಅದರ ಹಿಂಬದಿಯ ಭಾರ ಗೋಡೆಯ ಒಳಕ್ಕೆ ಎಷ್ಟು ಆಳ ಹೋಗಿ ಕೂತಿದೆ ಎಂದು ಕೈಯಿಂದ ಗಾಳಿಯಲ್ಲಿ ತೋರಿಸಿದರು. "ಹೊರಗ ಒಂದ ಪಾಲು, ಒಳಗ ಎರಡ ಪಾಲು. ತಕ್ಕಡಿ ಇದ್ದಂಗ. ನಮ್ಮಜ್ಜ ಎಂಟ ದಿನ ಇಲ್ಲೆ ಬಂದ ಕುಂತಿದ್ನಂತ. ಪೂಜಾರಿ ಕೇಳಿದ್ನಂತ, ಏನ್ ಸಾಬ, ಹರಕಿ ಗಿರಕಿ ಐತೇನು ಅಂತ." ಹೇಳಿ ತಮ್ಮಷ್ಟಕ್ಕೆ ನಕ್ಕರು. ಅಮೆರಿಕದ ಮನೆಯ ಸೂರಿಗೆ ಸೂಡಿಯ ಗುಡಿಯ ಯುಕ್ತಿ. ನಾನು ಕಾಲೇಜಿನಲ್ಲಿ ಕಲಿತದ್ದೆಲ್ಲ ಆ ಬಿಸಿಲಲ್ಲಿ ನಿಂತಾಗಲೇ ಮೊದಲ ಸಲ ಅರ್ಥವಾದದ್ದು ಅನ್ನಿಸಿತು.

ಆಮೇಲೆ ಹೊಗೆಗೂಡಿನ ಸರದಿ. ನಡುಮನೆಯಲ್ಲಿ ಆಳೆತ್ತರದ ಕಲ್ಲಿನ ಒಲೆಗೂಡು ಇತ್ತು. ಚಿತ್ರದಲ್ಲಿ ಹೊಗೆಗೂಡು ಕಂಡದ್ದಕ್ಕೆ ಕೆಳಗೆ ಬೆಂಕಿ ಇರಬೇಕೆಂದು ಅಜ್ಜ ಕಟ್ಟಿದ್ದು. ಗಜೇಂದ್ರಗಡದ ಬಿಸಿಲಿಗೆ ಮನೆಯ ನಡುವೆ ಬೆಂಕಿ ಹಾಕುವವರು ಯಾರು? ಒಂದು ದಿನವೂ ಉರಿದದ್ದಲ್ಲ. ಬಾವಲಿ ಬರುತ್ತವೆಂದು ಡಾಕ್ಟರ ತಂದೆ ಮೇಲೆ ಹಾಸುಗಲ್ಲು ಮುಚ್ಚಿಸಿದ್ದರು. ಡಾಕ್ಟರು ಅದರೊಳಗೆ ಔಷಧದ ಪೆಟ್ಟಿಗೆ ಒಟ್ಟಿದ್ದರು.

"ಬಾಯಾರ, ಸಣ್ಣವರಿದ್ದಾಗ ಈ ಮನಿ ಇಷ್ಟ ಕುದೀತಿತ್ತೇನ್ರಿ?" ಎಂದು ಕೇಳಿದರು ಚಾಚಾ.

ಡಾಕ್ಟರು ಯೋಚಿಸಿದರು. "ಇಲ್ರಿ. ಬ್ಯಾಸಿಗ್ಯಾಗ ಎಲ್ಲಾರೂ ಇಲ್ಲೇ ಮಲಗತಿದ್ವಿ. ಈಗ ಫ್ಯಾನ್ ಹಾಕಿದ್ರೂ ಆಗೂದಿಲ್ಲ."

ಪೆಟ್ಟಿಗೆ ತೆಗೆಸಿದರು. ಕೆಂಡದ ಮೇಲೆ ಲೋಬಾನ ಹಾಕಿ, ಆ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಹತ್ತಿರ ನಿಲ್ಲು ಎಂದರು. ಹೊಗೆ ಸುಮ್ಮನೆ ಮುಖಕ್ಕೆ ಅಡರಿತು. ತಾವು ಏಣಿ ಹತ್ತಿ ಮೇಲಿನ ಹಾಸುಗಲ್ಲನ್ನು ಹಾರೆಯಿಂದ ಸರಿಸಿದರು. ಕೆಳಗೆ ನಾವಿಬ್ಬರೂ ನೋಡುತ್ತ ನಿಂತಿದ್ದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಹೊಗೆ ನನ್ನ ಮುಖ ಬಿಟ್ಟಿತು. ಯಾರೋ ದಾರ ಹಿಡಿದು ಎಳೆದ ಹಾಗೆ ಕೋಣೆಯ ಉದ್ದಕ್ಕೂ ನೆಟ್ಟಗೆ ಹೋಗಿ ಒಲೆಗೂಡಿನ ಬಾಯಿ ಹೊಕ್ಕಿತು. ಮೇಲಿನಿಂದ ಚಾಚಾನ ಧ್ವನಿ: "ಬಂತ! ನನ್ನ ಗಡ್ಡಕ್ಕ ಬಂತ!" ಅರವತ್ತು ದಾಟಿದ ಮನುಷ್ಯ ಮಾಡಿನ ಮೇಲೆ ಕೂತು ಮಕ್ಕಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ಬೆಂಕಿಗೆಂದು ಕಟ್ಟಿದ್ದು ಬಿಸಿಗಾಳಿಯನ್ನು ಹೊರಗೆ ಕಳಿಸುತ್ತಿತ್ತು. ಇದನ್ನು ಅಜ್ಜ ತಿಳಿದು ಮಾಡಿದನೋ ತಾನಾಗಿ ಆಯಿತೋ ಎಂದು ಕೇಳಿದೆ. "ಅದ ನೋಡು ತಿಳಿಯೂದಿಲ್ಲ," ಎಂದರು, ಅದು ತಿಳಿಯದಿದ್ದದ್ದೇ ಒಂದು ಸಂತೋಷವೆಂಬಂತೆ.

ಇಷ್ಟಾದರೂ ಗೋಡೆ ಹೊಟ್ಟೆ ಬಿಟ್ಟೇ ಇತ್ತು. ಸೂರು ಕುಸಿಯದಂತೆ ಮರದ ಊರೆ ಕೊಟ್ಟು, ಗೋಡೆಯನ್ನು ತುಂಡು ತುಂಡಾಗಿ ಬಿಚ್ಚಿ ಕಟ್ಟಬೇಕು ಎಂದು ಅವರು ಲೆಕ್ಕ ಹಾಕಿದ್ದರು. ಊರೆ ನಿಲ್ಲಿಸುವ ಕೆಲಸ ನಡೆದಿತ್ತು. ಒಂದು ಬೆಳಗ್ಗೆ ದವಾಖಾನೆ ತುಂಬಿತ್ತು. ಬೆಂಚಿನ ಮೇಲೆ ಎದೆಗೂಸು ಎತ್ತಿಕೊಂಡ ತಾಯಂದಿರು, ಜ್ವರದವರು. ಚಾಚಾ ಬಾಗಿಲಲ್ಲಿ ನಿಂತವರು ಇದ್ದಕ್ಕಿದ್ದಂತೆ ಕೈ ಎತ್ತಿದರು. ಮಾತು ನಿಲ್ಲಿಸಿ ಎಂದು. ನನಗೇನೂ ಕೇಳಿಸಲಿಲ್ಲ. "ಏಳ್ರಿ! ಎಲ್ಲಾರೂ ಹೊರಗ ನಡೀರಿ, ಲಗೂ!" ಎಂದು ಕೂಗಿದರು. ಹಾಗೆ ಅವರು ಕೂಗಿದ್ದನ್ನು ಹಿಂದೆ ಯಾರೂ ಕೇಳಿರಲಿಲ್ಲ. ಜನ ಎದ್ದು ಓಡಿದರು. ಕಡೆಯವಳು ಹೊಸ್ತಿಲು ದಾಟಿದ್ದೇ ತಡ, ಗೋಡೆಯ ಒಳಮೈಗೆ ಬಳಿದಿದ್ದ ಗಿಲಾವು ಬಾಗಿಲಿನಷ್ಟು ಅಗಲ ಕಳಚಿಕೊಂಡು ಬೆಂಚಿನ ಮೇಲೆ ಬಿತ್ತು. ಬೆಂಚು ಎರಡು ತುಂಡಾಯಿತು.

ಧೂಳು ಕೂತಿತು. ಡಾಕ್ಟರ ಮುಖ ಬಿಳಚಿಕೊಂಡಿತ್ತು. "ಸಾಕ್ರಿ ಚಾಚಾ," ಎಂದರು. "ಮನಿ ಮುಖ ನೋಡಿ ಮಂದಿ ಜೀವ ತಗೊಳ್ಳಾಕ ಆಗೂದಿಲ್ಲ ನನಗ. ನಾಳೆ ಆ ಅಂಗಡಿ ಸಾಲಿನವರನ್ನ ಕರಸ್ತೀನಿ. ಕೆಡವಲಿ."

ಚಾಚಾ ಬಿದ್ದ ಗಿಲಾವಿನ ಒಂದು ಚೂರನ್ನು ಎತ್ತಿಕೊಂಡರು. ಬೂದು ಬಣ್ಣದ ಸಿಮೆಂಟು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಾಯಾರ, ಬಿದ್ದದ್ದು ಗ್ವಾಡಿ ಅಲ್ರಿ. ಇದು ನಾ ಹಚ್ಚಿದ್ದು."

ನಮಗೆ ಅರ್ಥವಾಗಲಿಲ್ಲ. ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. ಇಪ್ಪತ್ತೆರಡರ ವಯಸ್ಸಿನಲ್ಲಿ ಈ ಗೋಡೆಗೆ ಗಿಲಾವು ಹಚ್ಚುವ ಕೆಲಸ ತಂದೆ ಮಗ ಇಬ್ಬರಿಗೂ ಬಂದಿತ್ತಂತೆ. ತಂದೆ ಗಾಣದಲ್ಲಿ ಸುಣ್ಣ ಅರೆದು, ಬೆಲ್ಲದ ನೀರು ಹಾಕಿ ಗಚ್ಚು ಹದ ಮಾಡಿ ಇಟ್ಟಿದ್ದರು. ಆಗ ಸಿಮೆಂಟು ಹೊಸದು. "ನನಗ ಅದರ ಹುಚ್ಚು. ಒಂದ ದಿನದಾಗ ಕಲ್ಲಾಗತೈತಿ, ನಿಮ್ಮ ಗಚ್ಚು ತಿಂಗಳ ಬೇಡತೈತಿ ಅಂತ ನಿಮ್ಮಪ್ಪಾರ ಮುಂದ ನಮ್ಮಪ್ಪಗ ನಕ್ಕೆ. ಅವರೂ ಹೂಂ ಅಂದ್ರು. ನಮ್ಮಪ್ಪ ಗಚ್ಚಿನ ಮ್ಯಾಲ ಹಸಿ ಗೋಣಿಚೀಲ ಹೊಚ್ಚಿ ಮನಿಗಿ ಹ್ವಾದ. ಮುಂದ ಎಂದೂ ಈ ಮನಿ ಮೆಟ್ಟಲ ಹತ್ತಲಿಲ್ಲ." ಕೈಯಲ್ಲಿದ್ದ ಚೂರನ್ನು ಕೆಳಗಿಟ್ಟು, "ಸುಣ್ಣದ ಗ್ವಾಡಿ ಉಸರಾಡತೈತ್ರಿ. ನಾ ಅದರ ಬಾಯಿ ಮೂಗು ಮುಚ್ಚಿದೆ. ಮೊದಲ ದಿನ ಉಪ್ಪ ನೆಕ್ಕಿದಾಗನ ನನಗ ತಿಳೀತು. ಹೇಳಾಕ ಬಾಯಿ ಬರಲಿಲ್ಲ" ಎಂದರು.

ಆಮೇಲೆ ಗಿಲಾವು ಕಳಚಿದ ಜಾಗಕ್ಕೆ ಡಾಕ್ಟರನ್ನು ಕರೆದೊಯ್ದರು. ಒಳಗೆ ಅಜ್ಜ ಇಟ್ಟ ಕಲ್ಲುಗಳು ಒದ್ದೆಯಾಗಿ, ಆದರೆ ಒಂದೂ ಜಾರದೆ ಕೂತಿದ್ದವು. ಹೊಟ್ಟೆ ಬಂದದ್ದು ಹೊರಮೈಯಲ್ಲಿ ಎರಡು ಮಾರು ಅಗಲ ಮಾತ್ರ. ಚಾಚಾ ಬೆನ್ನನ್ನು ಆ ಗೋಡೆಗೆ ಕೊಟ್ಟು ನಿಂತರು. "ನಾ ಹಿಂಗ ನಿಂದರ್ತೀನಿ. ನೀವು ವಿಚಾರ ಮಾಡ್ರಿ."

ಡಾಕ್ಟರು ಆ ಒದ್ದೆ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕೊನೆಗೆ, "ದವಾಖಾನಿ ಹಿಂದಿನ ಪಡಸಾಲಿಗೆ ಹಾಕ್ತೀನಿ. ಮಳಿ ಶುರು ಆಗೂ ಕಾರಹುಣ್ಣಿವೆತನಕ ಟೈಮ್ ಕೊಡ್ತೀನಿ" ಎಂದರು.

ಆ ಎರಡೂವರೆ ತಿಂಗಳು ಅವರು ಕೆಲಸ ಮಾಡಿದ ರೀತಿಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ಸಿಮೆಂಟನ್ನು ಸುತ್ತಿಗೆಯಿಂದ ಬಡಿಯಲು ಬಿಡುತ್ತಿರಲಿಲ್ಲ. ಕಲ್ಲಿಗೆ ಪೆಟ್ಟಾಗುತ್ತದೆಂದು ಸಣ್ಣ ಉಳಿಯಿಂದ ಅಂಗೈ ಅಂಗೈಯಷ್ಟೇ ಎಬ್ಬಿಸುತ್ತಿದ್ದರು. ಜತೆಗಿದ್ದ ಇಬ್ಬರು ಹೆಣ್ಣಾಳುಗಳು, "ಚಾಚಾ ಗ್ವಾಡಿಗಿ ಅರಿಷಿಣ ಹಚ್ಚಾಕತ್ತಾರ" ಎಂದು ನಗುತ್ತಿದ್ದರು. ತೆಗೆದ ಪ್ರತಿ ಕಲ್ಲಿಗೂ ಸುಣ್ಣದಲ್ಲಿ ಗುರುತು ಹಾಕಿ, ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸಿದರು. ಗೋಡೆಯ ಒಳಮೈ ಹೊರಮೈ ಎರಡನ್ನೂ ಹಿಡಿದಿಡಲು ನಡುನಡುವೆ ಉದ್ದಗಲ್ಲು ಹಾಯಿಸಿದರು. ಮೂಲೆ ಸೇರಿದ್ದ ಹಳೆಯ ಗಾಣದ ಕಲ್ಲನ್ನು ಹುಡುಕಿ ತಂದು, ಬಾಡಿಗೆಗೆ ಎತ್ತು ಹಿಡಿದು ಸುಣ್ಣ ಅರೆಸಿದರು. ಗಚ್ಚು ಹದವಾಯಿತೋ ಇಲ್ಲವೋ ಎಂದು ಕರಣಿಯ ಬೆನ್ನಿನಿಂದ ಎತ್ತಿ, ಅದು ಜಾರಿ ಬೀಳುವ ಸದ್ದು ಕೇಳುತ್ತಿದ್ದರು. ನನಗೂ ಕೇಳಲು ಹೇಳುತ್ತಿದ್ದರು. ಹೂಂ ಎನ್ನುತ್ತಿದ್ದೆ. ಖರೇ ಹೇಳಬೇಕೆಂದರೆ ನನಗೆ ಎಲ್ಲ ಸದ್ದೂ ಒಂದೇ.

ಎಂಜಿನಿಯರರ ಪತ್ರಕ್ಕೆ ಜೋಡಿಸುವ ವರದಿಯನ್ನು ನಾನೇ ಬರೆದೆ. "ಹಿಂದೆ ಯಾರೋ ತಿಳಿಯದೆ ಸಿಮೆಂಟ್ ಗಿಲಾವು ಮಾಡಿದ ಕಾರಣ" ಎಂಬ ಸಾಲನ್ನು ಓದಿ ಹೇಳಿದಾಗ ಅವರ ಕೈ ನಿಂತಿತು.

"ಯಾರೋ ಅಂತ ಬರೀಬ್ಯಾಡ ಯವ್ವಾ."

"ನಿಮ್ಮ ಹೆಸರು ಹ್ಯಾಂಗ ಬರೀಲ್ರಿ ಚಾಚಾ? ಕಚೇರಿ ಕಾಗದ ಇದು."

"ಹೆಸರ ಬ್ಯಾಡ. ಈಗ ಅದನ್ನ ತಗದ ಗೌಂಡಿನ ಹಿಂದ ಹಚ್ಚಿದ್ದ ಅಂತ ಬರಿ. ಮುಂದ ಯಾರರ ಓದಿದ್ರ, ತಪ್ಪ ಎಲ್ಲಿ ಆತು ಅಂತ ಹುಡಕೂದ ಬ್ಯಾಡ."

ಹಾಗೆಯೇ ಬರೆದೆ. ನಮ್ಮ ಎಂಜಿನಿಯರು ಆ ಸಾಲನ್ನು ಎರಡು ಸಲ ಓದಿದರು, ಹೊಡೆದು ಹಾಕಲಿಲ್ಲ. ತಾವೇ ಹೋಗಿ ಗುಂಡು ಕಟ್ಟಿದ ದಾರ ಇಳಿಬಿಟ್ಟು ಗೋಡೆ ನೋಡಿ ಬಂದು ಸಹಿ ಮಾಡಿದರು. ಕಾರಹುಣ್ಣಿವೆಯ ಎರಡು ದಿನ ಮೊದಲು ದೊಡ್ಡ ಮಳೆ ಬಂತು. ಚಾಚಾ ತಲೆಗೆ ಗೋಣಿ ಗೊಪ್ಪೆ ಹಾಕಿಕೊಂಡು ಸೂರಿನ ಕೆಳಗೆ ನಿಂತು ನೀರು ಬೀಳುವ ಗೆರೆಯನ್ನೇ ನೋಡುತ್ತಿದ್ದರು. ನೀರು ಗೋಡೆಯಿಂದ ಐದಡಿ ದೂರದಲ್ಲಿ, ಹಗ್ಗ ಎಳೆದಂತೆ ಒಂದೇ ಗೆರೆಯಲ್ಲಿ ಬೀಳುತ್ತಿತ್ತು. ಗೋಡೆಗೆ ಒಂದು ಹನಿ ತಾಗಲಿಲ್ಲ. ಮರುವಾರ ಅಧಿಕಾರಿಗಳು ಬಂದು ನೋಡಿ ನೋಟಿಸು ವಾಪಸು ಪಡೆದರು.

ಆ ಚಳಿಗಾಲದಲ್ಲಿ ಡಾಕ್ಟರ ನೆಂಟರ ಮೂಲಕ ಪುಣೆಯಿಂದ ಒಬ್ಬ ಆರ್ಕಿಟೆಕ್ಟ್ ಬಂದರು. ಮನೆ ಕಂಡವರೇ ದಂಗಾದರು. ಇದು ಅಮೆರಿಕದ 'ಪ್ರೇರಿ' ಶೈಲಿ ಎಂದರು. ಪ್ರೇರಿ ಅಂದರೆ ಬಯಲು, ಬಯಲಿನಂತೆ ಮನೆಯೂ ನೆಲಕ್ಕೆ ಒರಗಿ ಅಡ್ಡಕ್ಕೆ ಚಾಚಿಕೊಂಡಿರಬೇಕು ಎಂಬುದು ಅದರ ತತ್ವ ಎಂದರು. ಚಾಚಾ ಹತ್ತಿರ ಸರಿದು ಕೂತರು.

"ಬಯಲಂದ್ರ ನಮ್ಮಂಥಾದ್ದೇನ್ರಿ? ಎರಿಭೂಮಿ ಐತೇನ್ರಿ ಅಲ್ಲೆ? ಏನ ಬೆಳೀತಾರ?"

"ಗೋಧಿ, ಗೋವಿನಜೋಳ" ಎಂದರು ಅವರು. ಚಾಚಾ ತಲೆಯಾಡಿಸಿದರು, ದೂರದ ಸಂಬಂಧಿಯೊಬ್ಬರ ಕ್ಷೇಮ ಕೇಳಿ ತಿಳಿದವರಂತೆ.

ಹಿಂದಿನ ಅರ್ಧವನ್ನು ನೋಡಿ ಆರ್ಕಿಟೆಕ್ಟರಿಗೆ ಬೇಸರವಾಯಿತು. ಇದು ಶೈಲಿಯನ್ನು ಕೆಡಿಸಿದೆ, ತೆಗೆದು ಸರಿಯಾಗಿ ಕಟ್ಟಿದರೆ ದೇಶದಲ್ಲೇ ಅಪರೂಪದ ಮನೆಯಾಗುತ್ತದೆ ಎಂದರು. ಡಾಕ್ಟರು ಚಾಚಾನ ಮುಖ ನೋಡಿದರು. ನನಗೆ ಸಿಟ್ಟು ಬಂದಿತ್ತು. ಚಾಚಾ ಮಾತ್ರ ಆರ್ಕಿಟೆಕ್ಟರ ಕೈಯಲ್ಲಿದ್ದ, ಅಂಥ ಮನೆಗಳ ಚಿತ್ರವಿದ್ದ ದಪ್ಪ ಪುಸ್ತಕದತ್ತ ಬೆರಳು ಮಾಡಿ, "ಇದರಾಗ ಆ ಮನಿಗಳ ಹಿಂದಿನ ಚಿತ್ರ ಐತೇನ್ರಿ?" ಎಂದು ಕೇಳಿದರು.

ಇತ್ತು. ಹಾಳೆ ತಿರುವಿ ತೋರಿಸಿದರು. ಮೂರು ತಲೆಮಾರಿನಿಂದ ಚಾಚಾನ ಮನೆತನದಲ್ಲಿ ಯಾರೂ ನೋಡಿರದಿದ್ದ ಹಿಂಬದಿ. ಚಾಚಾ ಕನ್ನಡಕ ಒರೆಸಿಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ನೋಡುತ್ತಲೇ ಇದ್ದರು. ಅಡುಗೆಮನೆಯ ಬಾಗಿಲು, ಕೆಲಸದವರ ಮೆಟ್ಟಿಲು, ಸಾದಾ ಗೋಡೆ. "ಇಷ್ಟನ?" ಎಂದರು ಕೊನೆಗೆ. ಆಮೇಲೆ ನಕ್ಕರು. "ನಮ್ಮಜ್ಜ ಸುಮ್ನ ಹೆದರಿದ್ದ ನೋಡು. ಹಿಂದ ಏನೋ ಭಾರೀ ಇರಬೇಕು, ತನಗ ಕಟ್ಟಾಕ ಬರಲಿಲ್ಲ ಅಂತ ಸಾಯೂತನಕ ಅಂತಿದ್ನಂತ."

ಡಾಕ್ಟರು ಎದ್ದು ನಿಂತು ಆರ್ಕಿಟೆಕ್ಟರಿಗೆ ಹೇಳಿದರು: "ನನ್ನ ಪೇಶಂಟ್ಸ್ ಆ ಪಡಸಾಲ್ಯಾಗ ಆರಾಮ ಕುಂದರ್ತಾರ್ರಿ. ಅದು ಇರಲಿ."

ಇದಾದ ಕೆಲ ವರ್ಷಕ್ಕೆ ಮಲಪ್ರಭೆ ಉಕ್ಕಿ ದಂಡೆಯ ಮೆಣಸಗಿ ಊರಿಗೆ ನೀರು ನುಗ್ಗಿತು. ನೀರಿಳಿದ ಮೇಲೆ ಜನ ಮನೆಗೆ ಮರಳುತ್ತಿದ್ದರು. ಮಣ್ಣಿನ ಗೋಡೆ ಒಣಗಿದಂತೆ ಕಂಡರೂ ಒಳಗೆ ಗಂಜಿಯಾಗಿರುತ್ತದೆ. ಚಾಚಾ ಯಾರೂ ಕರೆಯದೆ ಅಲ್ಲಿಗೆ ಹೋದರು. ನಕ್ಷೆ ಬರೆಯುವವಳೊಬ್ಬಳು ಜತೆಗಿದ್ದರೆ ಜನ ನಂಬುತ್ತಾರೆಂದು ನನ್ನನ್ನೂ ಕರೆದೊಯ್ದರು. ನಾಲ್ಕು ದಿನ ಕೆಸರಲ್ಲಿ ನಡೆದು ಮನೆ ಮನೆಯ ಗೋಡೆ ಮುಟ್ಟಿದರು. ಒಬ್ಬ ಹೆಣ್ಣುಮಗಳು ಒಳಗೆ ಮಲಗಿಸಿದ್ದ ಕೂಸನ್ನು ಇವರ ಮಾತು ಕೇಳಿ ಸಿಡಿಮಿಡಿಗೊಳ್ಳುತ್ತಲೇ ಹೊರಗೆ ತಂದಳು. ನಾವು ಓಣಿಯ ತಿರುವು ಮುಟ್ಟಿರಲಿಲ್ಲ, ಹಿಂದೆ ಧಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಗೋಡೆ ಮಲಗಿತ್ತು, ಅವಳು ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಚಾಚಾ ಪಕ್ಕದ ಮನೆಯ ಹಿತ್ತಲಿಗೆ ಹೋದರು.

ಅಲ್ಲಿ ಹತ್ತಿದ ಕೆಮ್ಮು ಚಾಚಾನನ್ನು ಬಿಡಲಿಲ್ಲ. ಎದೆಯೊಳಗೆ ಐವತ್ತು ವರ್ಷದ ಕಲ್ಲಿನ ಧೂಳು ಮೊದಲೇ ಕೂತಿತ್ತು ಎಂದರು ಡಾಕ್ಟರು. ದೂರದ ಆಸ್ಪತ್ರೆಗೆ ಹೋಗಲು ಚಾಚಾ ಒಪ್ಪದಿದ್ದಾಗ ಡಾಕ್ಟರೇ ಅವರ ಮಗ ಸೊಸೆಯನ್ನು ಒಪ್ಪಿಸಿ ಮಲಗಿದ ಮನೆಯ ನಡುಮನೆಯಲ್ಲೇ ಇಟ್ಟುಕೊಂಡರು. ಮಂಚ ಹಾಕಿಸಿದರೆ ಬೇಡವೆಂದು ಚಾಚಾ ನೆಲದ ಮೇಲೆ ಹಾಸಿಸಿಕೊಂಡರಂತೆ.

ನಾನು ಆಗ ಕೆಲಸ ಬದಲಿಸಿ ರೋಣಕ್ಕೆ ಹೋಗಿದ್ದೆ. ನೋಡಲು ಹೋದಾಗ ಮಧ್ಯಾಹ್ನ. ಗೋಡೆಗೆ ಒರಗಿ ಕೂತಿದ್ದರು, ಉಸಿರು ಎಳೆಯುತ್ತಿದ್ದರು, ಆದರೆ ಕಣ್ಣಿನಲ್ಲಿ ಆ ಹಳೆಯ ಹೊಳಪು.

"ಟೇಪ್ ತಂದೀಯೇನ?"

ಚೀಲದಲ್ಲಿತ್ತು.

"ನೆಲದಿಂದ ಕಿಡಕಿ ಕಟ್ಟಿತನಕ ಎಷ್ಟೈತಿ ಹೇಳು."

ಅಳೆಯುವ ಮುಂಚೆಯೇ ನನಗೆ ನೆನಪಾಯಿತು. ಒಂದೂಕಾಲು ಅಡಿ. ಬೇರೆ ಬಂಗಲೆಗಳಲ್ಲಿ ಎರಡೂವರೆ ಅಡಿ ಇರುತ್ತದೆ. ನಕ್ಷೆ ಬರೆಯುವಾಗ ಇದು ಚಿತ್ರ ನೋಡಿ ಕಟ್ಟಿದವನ ಅಂದಾಜು ತಪ್ಪು ಎಂದುಕೊಂಡು ಸುಮ್ಮನಾಗಿದ್ದೆ.

"ನಾನೂ ಹಂಗ ತಿಳಿದಿದ್ದೆ," ಎಂದರು. "ಈ ಮನ್ಯಾಗ ಎಷ್ಟ ದಿನ ಕೆಲಸ ಮಾಡೀನಿ, ಈ ಕಿಡಕಿ ಮುಂದ ನೆಲಕ್ಕ ಒಮ್ಮಿನೂ ಕುಂತಿದ್ದಿಲ್ಲ ನೋಡು. ನಿಂತು ಏನ ಕಾಣತೈತಿ ನೋಡು ಅಲ್ಲೆ."

ಕಿಟಕಿಯ ಮುಂದೆ ನಿಂತೆ. ತಗ್ಗು ಸೂರಿನ ಅಂಚು ಕಣ್ಣಿಗೆ ಅಡ್ಡ ಬಂತು. ಅಂಗಳದ ಮಣ್ಣು, ರೋಗಿಗಳು ಬಿಟ್ಟ ಚಪ್ಪಲಿ, ಅಷ್ಟೇ.

"ಈಗ ಕುಂದ್ರು."

ಅವರ ಪಕ್ಕದಲ್ಲಿ ನೆಲಕ್ಕೆ ಕೂತೆ. ಸೂರು ಮೇಲೆ ಸರಿಯಿತು, ಕಟ್ಟೆ ಕೆಳಗೆ ಉಳಿಯಿತು, ನಡುವೆ ಒಂದರ ಪಕ್ಕ ಒಂದು ಇದ್ದ ಅಷ್ಟೂ ಕಿಟಕಿಗಳಲ್ಲಿ ಎರೆಹೊಲ ಕಾಣಿಸಿತು. ಒಂದು ತುದಿಗೆ ಕೋಟೆಯ ಗುಡ್ಡ, ಅಲ್ಲಿಂದ ಶುರುವಾದ ಬಯಲು ಎಲ್ಲೂ ತುಂಡಾಗದೆ ಈ ತುದಿಯವರೆಗೆ. ಕಡಲೆ ಬಿತ್ತನೆಗೆ ಹರಗಿದ ಕರಿ ಮಣ್ಣು, ಅದರ ಮೇಲೆ ಬೆಳ್ಳಕ್ಕಿ, ದೂರದಲ್ಲಿ ಧೂಳೆಬ್ಬಿಸುತ್ತ ಹೋಗುವ ಒಂದು ಬಸ್ಸು.

"ಆ ಸಾಹೇಬರ ಮಂದಿ ಕುರ್ಚಿ ಮ್ಯಾಲ ಕುಂದರ್ತಾರ. ಇಲ್ಲಿ ಮಂದಿ ನೆಲಕ್ಕ ಕುಂದರ್ತಾರ. ಅದಕ್ಕ ಇಳಿಸ್ಯಾನ ನಮ್ಮಜ್ಜ," ಎಂದರು. ಉಸಿರು ತೆಗೆದುಕೊಂಡು, "ಇಲ್ಲಾಂದ್ರ ತಪ್ಪೂ ಇರಬೇಕು. ಯಾರಿಗೆ ಗೊತ್ತು?"

ಅಷ್ಟರಲ್ಲಿ ಡಾಕ್ಟರು ಸೂಜಿ ತುಂಬಿಕೊಂಡು ಒಳಗೆ ಬಂದರು. ನಾವಿಬ್ಬರೂ ಅವರತ್ತ ತಿರುಗಲಿಲ್ಲ.

"ಏನ್ರಿ, ಇಬ್ಬರೂ ಏನ ನೋಡಾಕತ್ತೀರಿ?"

"ಕುಂದರ್ರಿ ಬಾಯಾರ," ಎಂದರು ಚಾಚಾ. "ನಿಂತ್ರ ಕಾಣೂದಿಲ್ಲ."

ಆ ಮನೆಯಲ್ಲೇ ಹುಟ್ಟಿ, ಬುದ್ಧಿ ಬಂದಾಗಿನಿಂದ ಕುರ್ಚಿ ಮೇಜಿನಲ್ಲೇ ಬೆಳೆದ ಡಾಕ್ಟರು ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಸೀರೆ ಸರಿಮಾಡಿಕೊಂಡು, ಸೂಜಿ ಕೈಯಲ್ಲಿ ಹಿಡಿದೇ ನೆಲಕ್ಕೆ ಕೂತರು. ಹೊರಗೆ ನೋಡಿದರು. ಪಡಸಾಲೆಯಿಂದ ಯಾರೋ "ಬಾಯಾರ, ನನ್ನ ಪಾಳಿ ಬಂತೇನ್ರಿ?" ಎಂದು ಕೂಗುತ್ತಿದ್ದರು. ಡಾಕ್ಟರಿಗೆ ಕೇಳಿಸಲಿಲ್ಲ.